ಯಾವ ವಂಡರ್‌ಲಾ ನಿಮಗೆ ಸರಿ? ಮಲೆನಾಡಿನಿಂದ ಹೊರಡುವವರು ಐದು ಪಾರ್ಕ್‌ಗಳನ್ನು ಹೋಲಿಸುವ ಬಗೆ

ದಸರಾ ರಜೆ, ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಸೊರಬದ ಓದುಗರಿಂದ ವಂಡರ್‌ಲಾ ಮನರಂಜನಾ ಪಾರ್ಕ್‌ಗಳ ಬಗ್ಗೆ ಒಂದೇ ಪ್ರಶ್ನೆ ಬರುತ್ತದೆ. "ಬಿಡದಿ ವಂಡರ್‌ಲಾ ನೋಡಿ ಆಯ್ತು. ಕೊಚ್ಚಿದು ಹೇಗಿದೆ? ಚೆನ್ನೈನಲ್ಲಿ ಹೊಸದು ಬಂದಿದೆಯಂತೆ, ಅದೇ ಎಲ್ಲಕ್ಕಿಂತ ಚೆನ್ನಾಗಿದೆಯಂತೆ, ಹೌದಾ? ಯಾವುದು ನಂಬರ್ ಒನ್?"

ಎಲ್ಲರಿಗೂ ಒಂದೇ ನಂಬರ್ ಒನ್ ಇಲ್ಲ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ ಅಂತ ಬೇರ್ಪಡಿಸುವವರಿಗೂ ಮೊದಲು ಯಾವ ಅಡಿಕೆ, ಯಾರಿಗೆ ಬೇಕು ಅನ್ನೋದು ಗೊತ್ತಿರಬೇಕಲ್ಲ, ಇಲ್ಲೂ ಹಾಗೆಯೇ. ಆದರೆ ನಿಮ್ಮ ಮನೆಯವರಿಗೆ ಯಾವುದು ಮೊದಲು, ಯಾವುದು ಕೊನೆ ಅನ್ನೋದನ್ನು ಒಂದು ಸಂಜೆ ಕೂತು ನೀವೇ ಲೆಕ್ಕ ಹಾಕಬಹುದು. ಒಂದೇ ಕಂಪನಿಯ ಪಾರ್ಕ್‌ಗಳನ್ನು ಹೋಲಿಸುವುದು ಬೇರೆ ಬೇರೆ ಕಂಪನಿಯವನ್ನು ಹೋಲಿಸುವುದಕ್ಕಿಂತ ಸುಲಭ. ಅರ್ಧಕ್ಕರ್ಧ ಎಲ್ಲ ಕಡೆ ಒಂದೇ ಇರುತ್ತದೆ. ಒಂದೇ ಇರೋದನ್ನು ಹೊಡೆದುಹಾಕಿ, ಬೇರೆ ಇರೋದನ್ನು ಮಾತ್ರ ಅಳೆಯಬೇಕು. ಈ ಲೇಖನದ ಉಪಾಯ ಇಷ್ಟೇ.

ಮೊದಲು ಐದು ಪಾರ್ಕ್‌ಗಳ ಪರಿಚಯ

ಈ ಸರಣಿ ಶುರುವಾಗಿದ್ದು ಕೊಚ್ಚಿಯಲ್ಲಿ. ವಿ-ಗಾರ್ಡ್ ಸ್ಟೆಬಿಲೈಜರ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಅಲ್ಲಿನ ಪಳ್ಳಿಕ್ಕರದಲ್ಲಿ ವೀಗಾಲ್ಯಾಂಡ್ ಅಂತ ಒಂದು ಪಾರ್ಕ್ ತೆರೆದರು. ಈಗಿನ ಕೊಚ್ಚಿ ವಂಡರ್‌ಲಾ ಅದೇ. 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಹತ್ತಿರ ಎರಡನೆಯದು ಬಂತು. 2016ರಲ್ಲಿ ಹೈದರಾಬಾದ್‌ನ ಹೊರವರ್ತುಲ ರಸ್ತೆ ಪಕ್ಕದ ರಾವಿರ್ಯಾಲದಲ್ಲಿ ಮೂರನೆಯದು. 2024ರಲ್ಲಿ ಒಡಿಶಾದ ಭುವನೇಶ್ವರ. 2025ರ ಡಿಸೆಂಬರ್‌ನಲ್ಲಿ ಚೆನ್ನೈ ಹೊರವಲಯದ ತಿರುಪ್ಪೋರೂರು ಕಡೆ ಐದನೆಯದು.

ಮೈಸೂರಿನ ಜಿಆರ್‌ಎಸ್ ಪಾರ್ಕ್ ಈ ಕಂಪನಿಯದಲ್ಲ. ಅದನ್ನು ಈ ಪಟ್ಟಿಗೆ ಸೇರಿಸಿದರೆ ಇಲ್ಲಿ ಹೇಳುವ ಲೆಕ್ಕ ಹೊಂದುವುದಿಲ್ಲ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು, ಅಳತೆ ಟೇಪು, ಇಂಟರ್‌ನೆಟ್ ಇರುವ ಮೊಬೈಲು. ಜೊತೆಗೆ ಯಾರು ಯಾರು ಬರುತ್ತಾರೆ ಅನ್ನೋ ಖಚಿತ ಪಟ್ಟಿ. "ಬಂದರೂ ಬರಬಹುದು" ಅನ್ನುವವರನ್ನು ಸದ್ಯಕ್ಕೆ ಬಿಡಿ. ಒಬ್ಬ ಅಜ್ಜಿ ಅಥವಾ ಒಂದು ಪುಟ್ಟ ಮಗು ಸೇರಿದರೂ ಪಟ್ಟಿಯ ಕ್ರಮವೇ ಬದಲಾಗುತ್ತದೆ.

ಹಂತ 1: ಮಕ್ಕಳ ಎತ್ತರ ಅಳೆಯಿರಿ

ಎಲ್ಲಕ್ಕಿಂತ ಮೊದಲ ಕೆಲಸ ಇದು. ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಮೇಲಿದ್ದರೆ ದೊಡ್ಡವರ ಟಿಕೆಟ್. ಐದನೇ ಕ್ಲಾಸಿನ ಹುಡುಗನೂ 142 ಇದ್ದರೆ ದೊಡ್ಡವನೇ.

ರೈಡ್ ಹತ್ತಲೂ ಎತ್ತರದ ನಿಯಮ ಇದೆ. ತಲೆಕೆಳಗಾಗುವ, ಜೋರಾಗಿ ಬೀಳುವ ದೊಡ್ಡ ರೈಡ್‌ಗಳಿಗೆ ಸಾಮಾನ್ಯವಾಗಿ 140 ಸೆಂಟಿಮೀಟರ್ ಕೇಳುತ್ತಾರೆ. ಸೀಟಿನ ಭುಜಪಟ್ಟಿ ಮೈಗೆ ಸರಿಯಾಗಿ ಕೂರಲಿ ಅಂತ ಮಾಡಿದ ನಿಯಮ ಅದು. ಅಲ್ಲಿ ಬೇಡಿಕೊಂಡರೂ ಬಿಡುವುದಿಲ್ಲ, ಬಿಡಲೂಬಾರದು.

ಇದರಿಂದ ಪಟ್ಟಿಗೆ ಆಗುವ ಪರಿಣಾಮ ನೋಡಿ. ಚೆನ್ನೈ ಪಾರ್ಕ್‌ನ ಹೆಸರೆಲ್ಲ ಒಂದು ದೊಡ್ಡ ಕೋಸ್ಟರ್ (ಏರಿಳಿಯುವ ಹಳಿಯಲ್ಲಿ ರಭಸದಿಂದ ಓಡುವ ರೈಲಿನ ಆಟ) ಮೇಲೆ ನಿಂತಿದೆ. ನಿಮ್ಮ ಮಕ್ಕಳಿಬ್ಬರೂ 125–130 ಇದ್ದರೆ ಆ ಕೋಸ್ಟರ್ ಅವರ ಪಾಲಿಗೆ ಇಲ್ಲವೇ ಇಲ್ಲ. ಅಷ್ಟು ದೂರ ಹೋಗಿ ಕೆಳಗೆ ನಿಂತು ಬೇರೆಯವರು ಕಿರುಚೋದನ್ನು ನೋಡಬೇಕು. ಎರಡು ವರ್ಷ ಬಿಟ್ಟು ಹೋಗೋದು ವಾಸಿ.

ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿ ಬಿಚ್ಚಿಸಿ ಅಳೆಯಿರಿ. ಶಾಲೆಯ ದಾಖಲೆಯಲ್ಲಿರುವ ಎತ್ತರ ನಂಬಬೇಡಿ, ಅದು ವರ್ಷದ ಹಿಂದಿನದು ಇರಬಹುದು. 137, 138ರ ಆಸುಪಾಸು ಇರುವ ಮಗುವಿಗೆ "ನಿನಗೆ ಎಲ್ಲಾ ಸಿಗುತ್ತೆ" ಅಂತ ಮಾತು ಕೊಡಬೇಡಿ. ಗೇಟಿನ ಹತ್ತಿರ ಅಳುವುದು ಈ ಮಕ್ಕಳೇ.

ಪ್ರತಿಯೊಬ್ಬರ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: "ಎಲ್ಲಾ ಹತ್ತುತ್ತಾರೆ", "ಸಣ್ಣವು ಮಾತ್ರ", "ಹತ್ತುವುದಿಲ್ಲ". ಹೃದಯದ ತೊಂದರೆ, ಬಿಪಿ, ಕುತ್ತಿಗೆ–ಬೆನ್ನು ನೋವು ಇರುವವರು, ಗರ್ಭಿಣಿಯರು ದೊಡ್ಡ ರೈಡ್ ಹತ್ತುವಂತಿಲ್ಲ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಇಳಿಯುವಾಗ ವಾಂತಿ ಮಾಡುವ ಮಕ್ಕಳನ್ನೂ "ಸಣ್ಣವು ಮಾತ್ರ" ಸಾಲಿಗೆ ಸೇರಿಸಿ. ಗಿರಗಿರ ತಿರುಗುವ ರೈಡ್ ಅವರಿಗೆ ಆಗಿಬರುವುದಿಲ್ಲ.

ಹಂತ 2: ಎಲ್ಲ ಕಡೆ ಇರೋದನ್ನು ಹೊಡೆದುಹಾಕಿ

ಪ್ರತಿ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ರೈಡ್‌ಗಳ ಪಟ್ಟಿ ಇರುತ್ತದೆ. ಐದನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಎರಡು ಪದ ಆಗಾಗ ಕಾಣುತ್ತವೆ. ಲ್ಯಾಂಡ್ ರೈಡ್ ಅಂದರೆ ಮೈ ಒದ್ದೆಯಾಗದ ಆಟ, ಕೆಲವರು ಡ್ರೈ ರೈಡ್ ಅಂತಲೂ ಹೇಳುತ್ತಾರೆ. ವಾಟರ್ ರೈಡ್ ಅಂದರೆ ನೀರಿನ ಆಟ: ಜಾರುಬಂಡಿ, ಅಲೆ ಏಳುವ ಕೊಳ, ಟ್ಯೂಬಿನಲ್ಲಿ ತೇಲುವ ಕಾಲುವೆ.

ಈಗ ಒಂದೊಂದೇ ಸಾಲು ನೋಡುತ್ತಾ ಹೋಗಿ. ಅಲೆ ಕೊಳ ಎಲ್ಲ ಕಡೆ ಇದೆಯಾ? ಹೊಡೆದುಹಾಕಿ. ಹಾಡು ಹಾಕಿ ಮಳೆ ಸುರಿಸುವ ರೈನ್ ಡ್ಯಾನ್ಸ್? ಅದೂ ಹೋಯ್ತು. ಸಣ್ಣ ಮಕ್ಕಳ ಕುದುರೆ, ಕಪ್ಪು–ಬಸಿ, ಡಿಕ್ಕಿ ಹೊಡೆಯುವ ಕಾರು, ಇವೆಲ್ಲಾ ಹೊಡೆದುಹಾಕಿ. ಬಿಡದಿಯಲ್ಲೇ ಸಿಗೋದಕ್ಕೆ ಮಂಡಗದ್ದೆಯಿಂದ ಕೊಚ್ಚಿಗೆ ಹೋಗಬೇಕಾಗಿಲ್ಲ ಅಲ್ವಾ?

ಇಲ್ಲಿ ಹೆಸರು ನೋಡಿ ಮೋಸ ಹೋಗಬಾರದು. ಒಂದೇ ಯಂತ್ರಕ್ಕೆ ಎರಡು ಊರಿನಲ್ಲಿ ಬೇರೆ ಬೇರೆ ಹೆಸರು ಇರುತ್ತದೆ. ಒಂದೇ ಹೆಸರಿನ ರೈಡ್ ಎರಡು ಕಡೆ ಇದ್ದರೆ ಯಂತ್ರವೂ ಒಂದೇ ಇರಬಹುದು. ರಿಕಾಯಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನಲ್ಲೂ ಇದೆ, ಹೈದರಾಬಾದ್‌ನಲ್ಲೂ ಇದೆ. ಇದು ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್ ಅನ್ನೋ ಮಾದರಿ. ರೈಲನ್ನು ಹಿಮ್ಮುಖವಾಗಿ ಸುಮಾರು 35 ಮೀಟರ್ ಎತ್ತರಕ್ಕೆ ಎಳೆದು ಬಿಟ್ಟುಬಿಡುತ್ತಾರೆ. ಅದು ಹತ್ತಿದ ಜಾಗದ ಮೂಲಕವೇ ರಭಸದಿಂದ ಹಾದು, ಮೂರು ಸಲ ತಲೆಕೆಳಗಾಗಿ, ಎದುರಿನ ಏರು ಹತ್ತುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ಬೆನ್ನು ಮುಂದಾಗಿ ವಾಪಸ್. ಒಟ್ಟು ಆರು ಸಲ ತಲೆಕೆಳಗು. ಬಿಡದಿಯಲ್ಲಿ ಇದನ್ನು ಹತ್ತಿ ಇಳಿದವರಿಗೆ ಹೈದರಾಬಾದ್‌ನಲ್ಲಿ ಅದೇ ಅನುಭವ ಸಿಗುತ್ತದೆ. ಹಾಗಾಗಿ ಹೈದರಾಬಾದ್‌ಗೆ ಇದರ ಮೇಲೆ ಅಂಕ ಕೊಡಬೇಡಿ.

ಹೆಸರು ಬಿಟ್ಟು ವಿಡಿಯೋ ನೋಡಿ. ರೈಡ್ ಏನು ಮಾಡುತ್ತದೆ ಅನ್ನೋದನ್ನು ಒಂದು ಸಾಲಿನಲ್ಲಿ ಬರೆಯಿರಿ: ಬೀಳುತ್ತದೆ, ತೂಗುತ್ತದೆ, ತಿರುಗುತ್ತದೆ, ತಲೆಕೆಳಗಾಗುತ್ತದೆ, ಪರದೆ ಮುಂದೆ ಕೂರಿಸುತ್ತದೆ. ಒಂದೇ ಸಾಲು ಎರಡು ಕಡೆ ಬಂದರೆ ಅದು ಒಂದೇ ರೈಡ್.

ಹಂತ 3: ಉಳಿದದ್ದನ್ನು ಅಳೆಯಿರಿ

ಹೊಡೆದುಹಾಕಿದ ಮೇಲೆ ಪಟ್ಟಿ ತುಂಬಾ ಚಿಕ್ಕದಾಗುತ್ತದೆ. ಗಾಬರಿ ಬೇಡ, ನಮಗೆ ಬೇಕಾಗಿದ್ದೇ ಅದು. ನಾನು ಕಂಡ ಹಾಗೆ ಉಳಿಯುವ ಮುಖ್ಯ ವ್ಯತ್ಯಾಸಗಳು ಇವು.

ಚೆನ್ನೈನಲ್ಲಿ ತಂಜೋರಾ ಅನ್ನೋ ಕೋಸ್ಟರ್ ಇದೆ. ಸ್ವಿಟ್ಜರ್‌ಲ್ಯಾಂಡ್‌ನ ಬೊಲಿಗರ್ ಅಂಡ್ ಮಾಬಿಲಾರ್ಡ್ ಕಂಪನಿ ಮಾಡಿದ್ದು. ಆ ಕಂಪನಿಯ ಇನ್ವರ್ಟೆಡ್ ಕೋಸ್ಟರ್ ಭಾರತಕ್ಕೆ ಬಂದದ್ದು ಇದೇ ಮೊದಲು. ಸಾಮಾನ್ಯ ಕೋಸ್ಟರ್‌ನಲ್ಲಿ ರೈಲು ಹಳಿಯ ಮೇಲೆ ಓಡುತ್ತದೆ. ಇನ್ವರ್ಟೆಡ್‌ನಲ್ಲಿ ಸೀಟು ಹಳಿಯ ಕೆಳಗೆ ನೇತಾಡುತ್ತದೆ, ಕಾಲು ಗಾಳಿಯಲ್ಲಿ ಇರುತ್ತದೆ. ಇದು ಬಿಡದಿಯ ಯಾವ ರೈಡ್‌ಗೂ ಹೋಲುವುದಿಲ್ಲ. ಕೋಸ್ಟರ್ ಅಂದರೆ ಪ್ರಾಣ ಬಿಡುವ ಕಾಲೇಜು ಹುಡುಗ–ಹುಡುಗಿಯರಿಗೆ ಚೆನ್ನೈ ಮೇಲೇರಲು ಈ ಒಂದು ಕಾರಣ ಸಾಕು.

ಬಿಡದಿಯ ಬಲ ಬೇರೆ. ಸುಮಾರು 80 ಎಕರೆ ಜಾಗ, ಬೆಳೆದು ನಿಂತ ಮರಗಳು, 60ಕ್ಕೂ ಹೆಚ್ಚು ರೈಡ್. ಪಾರ್ಕ್‌ಗೆ ಅಂಟಿಕೊಂಡೇ ಕಂಪನಿಯ ರೆಸಾರ್ಟ್ ಇದೆ. ದೂರದಿಂದ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಸಣ್ಣ ಮಗು ಮಧ್ಯಾಹ್ನ ನಿದ್ದೆಗೆ ಅತ್ತರೆ ಒಬ್ಬರು ಕರೆದುಕೊಂಡು ಹೋಗಿ ಮಲಗಿಸಬಹುದು.

ಕೊಚ್ಚಿ ಪಾರ್ಕ್ ಗುಡ್ಡದ ಮೇಲಿದೆ. ಹಳೆಯ ಪಾರ್ಕ್ ಆದ್ದರಿಂದ ನೆರಳು, ಹಸಿರು ಚೆನ್ನಾಗಿದೆ. ಮಲೆನಾಡಿನವರ ಕಣ್ಣಿಗೆ ಊರಿನ ಹಾಗೇ ಕಾಣುತ್ತದೆ. ಆದರೆ ಏರಿಳಿತ ಇದೆ, ಮಂಡಿ ನೋವಿನ ಅಜ್ಜ–ಅಜ್ಜಿ ಇದ್ದರೆ ಅಂಕ ಕಡಿಮೆ ಮಾಡಿ. ಬಿಡದಿಯನ್ನು ಆಗಲೇ ನೋಡಿದವರಿಗೆ ಕೊಚ್ಚಿಯಲ್ಲಿ ಹೊಸ ರೈಡ್ ಜಾಸ್ತಿ ಉಳಿಯುವುದಿಲ್ಲ. ಫೋರ್ಟ್ ಕೊಚ್ಚಿ, ದೋಣಿ, ಸಮುದ್ರ ಎಲ್ಲಾ ಸೇರಿಸಿ ಪ್ರವಾಸ ಮಾಡುವವರಿಗೆ ಮಾತ್ರ ಅದು ಮೇಲೇರುತ್ತದೆ.

ಹೈದರಾಬಾದ್ ಸುಮಾರು 50 ಎಕರೆ, ಬಿಡದಿಗಿಂತ ಹೊಸದು, ನಡೆದಾಟ ಕಡಿಮೆ. ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಹತ್ತಿರ. ರೈಡ್ ಮಟ್ಟಿಗೆ ಬಿಡದಿಯ ತಮ್ಮನ ಹಾಗೇ ಇದೆ. ಭುವನೇಶ್ವರ ಪುರಿ–ಕೋನಾರ್ಕ್ ಯಾತ್ರೆ ಹೋಗುವವರಿಗೆ ಒಂದು ದಿನದ ಜೊತೆ ಮಾತ್ರ. ಬೆಂಗಳೂರಿನಿಂದಲೇ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಹಗಲು ಒಂದು ರಾತ್ರಿ. ಪಾರ್ಕ್‌ಗಾಗಿಯೇ ಹೋಗುವ ದೂರ ಅದಲ್ಲ.

ಜಾಹೀರಾತಿನ ರೈಡ್ ಸಂಖ್ಯೆ ನೋಡಿ ಅಂಕ ಕೊಡಬೇಡಿ

ಹೆಚ್ಚು ಜನ ಎಡವುವುದು ಇಲ್ಲೇ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. "ಅಲ್ಲಿ 60 ಇದೆ, ಇಲ್ಲಿ 40 ಇದೆ, ಹಾಗಾಗಿ ಅದೇ ಮೇಲು" ಅನ್ನೋ ಲೆಕ್ಕ ತಪ್ಪು.

ಪಾರ್ಕ್ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ರ ಆಸುಪಾಸು ಮುಚ್ಚುತ್ತದೆ, ರಜಾದಿನ ಇನ್ನೂ ಸ್ವಲ್ಪ ಹೊತ್ತು. 7 ಗಂಟೆ ಅಂದರೆ 420 ನಿಮಿಷ. ಊಟಕ್ಕೆ 45 ನಿಮಿಷ, ಲಾಕರ್ ಮತ್ತು ಬಟ್ಟೆ ಬದಲಿಸಲು ಎರಡು ಸಲ ಸೇರಿ 45 ನಿಮಿಷ ತೆಗೆಯಿರಿ. ಉಳಿಯೋದು 330. ನಡೆದು, ಕ್ಯೂ ನಿಂತು, ಆಡಿ ಇಳಿಯಲು ಒಂದು ರೈಡ್‌ಗೆ 25 ನಿಮಿಷ ಹಿಡಿದರೆ ಇಡೀ ದಿನಕ್ಕೆ 13 ರೈಡ್. ಜನ ಕಡಿಮೆ ಇದ್ದರೆ 20 ಆಗಬಹುದು. ಪಾರ್ಕ್‌ನಲ್ಲಿ 40 ಇದ್ದರೂ 60 ಇದ್ದರೂ ನಿಮಗೆ ಸಿಗೋದು ಅಷ್ಟೇ. ಹಾಗಾಗಿ ನೋಡಬೇಕಾದ್ದು ನಿಮ್ಮ ಗುಂಪಿಗೆ ಬೇಕಾದ ಮೊದಲ 13 ಎಷ್ಟು ಚೆನ್ನಾಗಿವೆ ಅನ್ನೋದನ್ನು.

ಕ್ಯೂ ಉದ್ದ ಊಹಿಸೋದೂ ಕಷ್ಟವಲ್ಲ. ವಿಡಿಯೋದಲ್ಲಿ ಸೀಟು ಎಣಿಸಿ, ಒಂದು ಸುತ್ತಿಗೆ ಎಷ್ಟು ನಿಮಿಷ ನೋಡಿ. 28 ಸೀಟಿನ ಒಂದೇ ರೈಲು, ಹತ್ತಿ–ಆಡಿ–ಇಳಿಯಲು 3 ನಿಮಿಷ ಅಂದರೆ ಗಂಟೆಗೆ 560 ಜನ. ನಿಮ್ಮ ಮುಂದೆ 280 ಜನ ಇದ್ದರೆ ಅರ್ಧ ಗಂಟೆ ನಿಲ್ಲಬೇಕು. ಬೂಮರಾಂಗ್ ಮಾದರಿಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬರಬೇಕಾದ್ದರಿಂದ ಎರಡನೇ ರೈಲು ಬಿಡಲು ಆಗುವುದಿಲ್ಲ. ಅದಕ್ಕೇ ರಿಕಾಯಿಲ್ ಮುಂದೆ ಕ್ಯೂ ಬೇಗ ಬೆಳೆಯುತ್ತದೆ. ಗೇಟು ತೆರೆದ ತಕ್ಷಣ ಅಲ್ಲಿಗೇ ಹೋಗಿ.

ಹಂತ 4: ದಾರಿಯ ಗಂಟೆಗಳನ್ನು ಕಳೆಯಿರಿ

ಬೆಂಗಳೂರಿನವರು ಬರೆದ ಹೋಲಿಕೆಗಳು ನಮಗೆ ಹೊಂದದೇ ಇರುವುದು ಇಲ್ಲೇ. ಅವರಿಗೆ ಬಿಡದಿ ಅಂದರೆ ಮೆಟ್ರೋ ಇಳಿದು ಬಸ್ ಹತ್ತುವಷ್ಟು. ನಮಗೆ ಶಿವಮೊಗ್ಗದಿಂದ ಬೆಂಗಳೂರೇ ಸುಮಾರು 300 ಕಿಲೋಮೀಟರ್, ಸಾಗರದವರಿಗೆ ಅದರ ಮೇಲೆ ಇನ್ನೂ 70ರಷ್ಟು.

ಬಿಡದಿಗೆ: ನನ್ನ ಮೊದಲ ಆಯ್ಕೆ ತಾಳಗುಪ್ಪದಿಂದ ಶಿವಮೊಗ್ಗ, ಬೆಂಗಳೂರು ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು. ಸಾಗರದವರಿಗೆ ಮನೆ ಬಾಗಿಲಲ್ಲೇ ಸಿಗುತ್ತದೆ. ಬೆಳಗಿನ ಜಾವ ಬೆಂಗಳೂರಿನ ಮುಖ್ಯ ನಿಲ್ದಾಣದಲ್ಲಿ ಇಳಿದು, ಮುಖ ತೊಳೆದು, ತಿಂಡಿ ತಿಂದು, ನೇರಳೆ ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟಕ್ಕೆ ಹೋಗಿ. ಅಲ್ಲಿಂದ ಬಿಡದಿ ಕಡೆಯ ಬಸ್ಸು ಅಥವಾ ಕ್ಯಾಬ್. ಬೆಳಗಿನ ಜಾವ ಶಿವಮೊಗ್ಗ ಬಿಡುವ ಜನಶತಾಬ್ದಿಯೂ ಇದೆ. ಆದರೆ ಅದು ಬೆಂಗಳೂರು ಸೇರುವ ಹೊತ್ತಿಗೆ ಹತ್ತರ ಆಸುಪಾಸು ಆಗಿರುತ್ತದೆ, ಬಿಡದಿ ಮುಟ್ಟುವಷ್ಟರಲ್ಲಿ ದಿನದ ಒಳ್ಳೆಯ ಮೊದಲ ಗಂಟೆ ಹೋಗಿರುತ್ತದೆ.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿ ಹಿಡಿದರೆ ಬಿಡದಿ ದಾಟಿ ಮುಂದೆ ಹೋಗಿಬಿಡುತ್ತೀರಿ. ಎಲ್ಲಿ ಬೇಕಾದರೂ ಇಳಿಯಲು ಆಗುವುದಿಲ್ಲ. ಕೆಂಗೇರಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲೇ ಇರಿ. 2023ರ ಆಗಸ್ಟ್‌ನಿಂದ ಮುಖ್ಯ ದಾರಿಯಲ್ಲಿ ಬೈಕು, ಆಟೋಗಳಿಗೆ ಪ್ರವೇಶವೂ ಇಲ್ಲ.

ಕೊಚ್ಚಿಗೆ: ತೀರ್ಥಹಳ್ಳಿ, ಹೊಸನಗರ ಕಡೆಯವರು ಘಾಟಿ ಇಳಿದು ಉಡುಪಿ ಅಥವಾ ಮಂಗಳೂರಿನಲ್ಲಿ ರೈಲು ಹಿಡಿಯಬಹುದು. ಮುಂಬೈನಿಂದ ತಿರುವನಂತಪುರಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಎರಡೂ ಕಡೆ ನಿಂತು ಎರ್ನಾಕುಲಂ ಮೇಲೆ ಹೋಗುತ್ತದೆ. ಎರಡು ಎಚ್ಚರಿಕೆ: ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲುಗಳು ನಿಧಾನ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುತ್ತದೆ. ದೊಡ್ಡ ಟೂರಿಸ್ಟ್ ಬಸ್ ಬುಕ್ ಮಾಡಿದ ಶಾಲೆಗಳು ಇದನ್ನು ಮೊದಲೇ ಕೇಳಿಕೊಳ್ಳಲಿ.

ಚೆನ್ನೈಗೆ ಹೆಚ್ಚಿನವರು ಬೆಂಗಳೂರಿನಲ್ಲಿ ರೈಲು ಬದಲಿಸಿಯೇ ಹೋಗಬೇಕು. ಪಾರ್ಕ್ ಇರೋದು ಚೆನ್ನೈ ಊರೊಳಗಲ್ಲ, ದಕ್ಷಿಣದ ಅಂಚಿನಲ್ಲಿ. ಸೆಂಟ್ರಲ್ ನಿಲ್ದಾಣದಿಂದ ಅಲ್ಲಿಗೆ ಹೋಗುವ ಹೊತ್ತನ್ನೂ ಸೇರಿಸಿ. ಹೈದರಾಬಾದ್‌ಗೆ ಸೋಗಾನೆಯ ನಮ್ಮ ಕುವೆಂಪು ವಿಮಾನ ನಿಲ್ದಾಣದಿಂದ ವಿಮಾನ ಹಾರಾಡಿದ್ದಿದೆ. ಆದರೆ ಸಣ್ಣ ನಿಲ್ದಾಣದ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ನಿಮ್ಮ ತಾರೀಖಿಗೆ ಇದೆಯಾ ಅಂತ ನೋಡಿಯೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಮನೆ ಬಾಗಿಲಿನಿಂದ ಪಾರ್ಕ್ ಗೇಟಿನವರೆಗೆ ಒಟ್ಟು ಗಂಟೆ ಬರೆಯಿರಿ, ಹೋಗಿ ಬರುವ ಎರಡೂ ಕಡೆಯದು. ಪಾರ್ಕ್ ಒಳಗಿನ 7 ಗಂಟೆಗೆ ದಾರಿಯಲ್ಲಿ 40 ಗಂಟೆ ಹೋಗುತ್ತಿದ್ದರೆ ಆ ಊರಿನಲ್ಲಿ ಬೇರೆ ಕೆಲಸವೋ ಬೇರೆ ನೋಟವೋ ಇರಲೇಬೇಕು. ಇಲ್ಲದಿದ್ದರೆ ಅದನ್ನು ಪಟ್ಟಿಯ ಕೊನೆಗೆ ತಳ್ಳಿ.

ಹಂತ 5: ತಿಂಗಳು ನೋಡಿ

ಒಂದೇ ಪಾರ್ಕ್ ಒಂದು ತಿಂಗಳು ಮೊದಲನೆಯದು, ಇನ್ನೊಂದು ತಿಂಗಳು ಕೊನೆಯದು. ಜೋರು ಮಳೆ, ಮಿಂಚು, ಬಿರುಗಾಳಿ ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಟಿಕೆಟ್ ದುಡ್ಡು ಹೋದಂತೆಯೇ.

ಜೂನ್‌ನಿಂದ ಆಗಸ್ಟ್: ಮಲೆನಾಡಿನಲ್ಲಿ ಸುರಿಯುವಾಗ ಕೊಚ್ಚಿಯಲ್ಲೂ ಸುರಿಯುತ್ತದೆ, ಅದೇ ಮುಂಗಾರು. ಬಿಡದಿ ಕಡೆ ಮಳೆ ಕಡಿಮೆ, ಬಿಸಿಲೂ ಇಲ್ಲ. ಈ ತಿಂಗಳಲ್ಲಿ ಬಿಡದಿಯೇ ಮೇಲು. ಅಕ್ಟೋಬರ್‌ನಿಂದ ಡಿಸೆಂಬರ್ ಚೆನ್ನೈಗೆ ಹಿಂಗಾರಿನ ಕಾಲ, ಚಂಡಮಾರುತವೂ ಬರುತ್ತದೆ. ದಸರಾ ರಜೆಗೆ ಚೆನ್ನೈ ಇಟ್ಟುಕೊಳ್ಳಬೇಡಿ. ಏಪ್ರಿಲ್–ಮೇನಲ್ಲಿ ಹೈದರಾಬಾದ್ 40 ಡಿಗ್ರಿ ಮುಟ್ಟುತ್ತದೆ, ಚೆನ್ನೈ, ಭುವನೇಶ್ವರದಲ್ಲಿ ಸೆಕೆ. ನಮ್ಮ ಮಕ್ಕಳಿಗೆ ಆ ಬಿಸಿಲಿನ ಅಭ್ಯಾಸ ಇಲ್ಲ. ಬೇಸಿಗೆಯಲ್ಲೇ ಹೋಗಬೇಕಾದರೆ ಬಿಡದಿ, ಅಲ್ಲೂ ಸಂಜೆ ಗುಡುಗು ಮಳೆ ಬರುತ್ತದೆ ಅಂತ ದೊಡ್ಡ ರೈಡ್‌ಗಳನ್ನು ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ.

ಐದೂ ಪಾರ್ಕ್‌ಗೆ ಒಳ್ಳೆಯ ಕಾಲ ಜನವರಿ ಕೊನೆಯಿಂದ ಫೆಬ್ರವರಿ. ಬಿಸಿಲು ಹದ, ಮಳೆ ಇಲ್ಲ. ತೋಟ ಇರುವವರಿಗೂ ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದಿರುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿರುವ ಮನೆಗೆ ಮಾತ್ರ ಇದು ಆಗುವುದಿಲ್ಲ.

ಜನಸಂದಣಿಗೆ ಆಯಾ ಊರಿನ ಹಬ್ಬ ನೋಡಿ. ಓಣಂ ವಾರ ಕೊಚ್ಚಿ ಬೇಡ, ಪೊಂಗಲ್ ವಾರ ಚೆನ್ನೈ ಬೇಡ. "ವಾರದ ದಿನ ಹೋದರೆ ಖಾಲಿ" ಅನ್ನೋ ಮಾತು ನವೆಂಬರ್‌ನಿಂದ ಜನವರಿವರೆಗೆ ಬಿಡದಿಗೆ ಹೊಂದುವುದಿಲ್ಲ. ಆಗ ಶಾಲಾ ಪ್ರವಾಸದ ಬಸ್ಸುಗಳು ಬರುವುದೇ ವಾರದ ದಿನಗಳಲ್ಲಿ.

ಹಂತ 6: ದುಡ್ಡಿನ ಲೆಕ್ಕ

ಟಿಕೆಟ್ ದರ ದಿನದ ಮೇಲೆ ಬದಲಾಗುತ್ತದೆ. ಶನಿವಾರ, ಭಾನುವಾರ, ರಜೆ, ಹಬ್ಬದ ದಿನ ಜಾಸ್ತಿ. ಹಾಗಾಗಿ ಒಂದು ಪಾರ್ಕ್‌ನ ಭಾನುವಾರದ ದರವನ್ನು ಇನ್ನೊಂದರ ಮಂಗಳವಾರದ ದರದ ಜೊತೆ ಹೋಲಿಸಬೇಡಿ. ಹೋಗುವ ದಿನಾಂಕ ಹಾಕಿಯೇ ಐದೂ ದರ ತೆಗೆಯಿರಿ. ಕಾಲೇಜು ಐಡಿ ಇರುವವರಿಗೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಇರುತ್ತದೆ, ಮೂಲ ಕಾರ್ಡ್ ಕೈಯಲ್ಲಿರಲಿ.

ಫಾಸ್ಟ್‌ಟ್ರ್ಯಾಕ್ ಅಂದರೆ ಬೇರೆ ಸಣ್ಣ ಕ್ಯೂನಲ್ಲಿ ಬೇಗ ಬಿಡುವ ಟಿಕೆಟ್. ತುಂಬಾ ದುಬಾರಿ. ಖಾಲಿ ದಿನ ಸುಮ್ನೆ ದಂಡ. ಆದರೆ ಚೆನ್ನೈಯಂಥ ದೂರದ ಪಾರ್ಕ್‌ಗೆ ಒಂದೇ ಒಂದು ಸಲ, ಅದೂ ರಜಾದಿನ ಹೋಗುತ್ತಿದ್ದರೆ ದೊಡ್ಡ ರೈಡ್ ಹತ್ತುವವರಿಗೆ ಮಾತ್ರ ತೆಗೆಸುವುದು ಸರಿ. ಅಜ್ಜಿಗೂ ತೆಗೆಸಬೇಡಿ.

ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕಡ್ಡಾಯ. ಹತ್ತಿ ಬಟ್ಟೆ, ಸೀರೆ, ಪಂಚೆಗೆ ಬಿಡುವುದಿಲ್ಲ. ಮೈ ತುಂಬಾ ಮುಚ್ಚುವ ನೈಲಾನ್ ಉಡುಪು ಹಾಕಬಹುದು, ಆ ಬಗ್ಗೆ ಸಂಕೋಚ ಬೇಡ. ಒಳಗೆ ಕೊಂಡರೆ ಖರ್ಚು, ಶಿವಮೊಗ್ಗದಲ್ಲೇ ಕೊಂಡುಕೊಳ್ಳಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುವವರು ದಾರಿಯಲ್ಲೇ ಮುಗಿಸಿ.

ಹಂತ 7: ಅಂಕ ಕೊಡಿ

ನೂರಕ್ಕೆ ಅಂಕ ಕೊಡಿ. ನಾನು ಹೀಗೆ ಹಂಚುತ್ತೇನೆ: ಉಳಿದ ಹೊಸ ರೈಡ್‌ಗಳಿಗೆ 40, ದಾರಿಗೆ 25, ಆ ತಿಂಗಳ ಹವೆ ಮತ್ತು ಜನಸಂದಣಿಗೆ 20, ರೈಡ್ ಹತ್ತದವರ ಅನುಕೂಲಕ್ಕೆ 15. ದುಡ್ಡನ್ನು ಅಂಕದಲ್ಲಿ ಸೇರಿಸುವುದಿಲ್ಲ. ಅದಕ್ಕೆ ಮೇಲ್ಮಿತಿ ಇಡಿ, ಮೀರಿದ ಪಾರ್ಕ್ ಪಟ್ಟಿಯಿಂದಲೇ ಹೊರಗೆ.

ಒಂದು ಉದಾಹರಣೆ ನೋಡಿ. ತೀರ್ಥಹಳ್ಳಿಯ ಒಂದು ಮನೆ: ಅಪ್ಪ, ಅಮ್ಮ, 122 ಸೆಂಟಿಮೀಟರ್‌ನ ಮಗ, 98ರ ಮಗಳು, ಅಜ್ಜಿ. ಯಾರೂ ಬಿಡದಿ ನೋಡಿಲ್ಲ. ತಿಂಗಳು ಮೇ. ಅವರ ಮಟ್ಟಿಗೆ ಎಲ್ಲ ರೈಡ್ ಹೊಸದು, ಆದರೆ ಮಕ್ಕಳಿಗೆ ದೊಡ್ಡವು ಸಿಗುವುದಿಲ್ಲ. ಬಿಡದಿಗೆ ರೈಡ್ 32, ದಾರಿ 20, ಹವೆ 13, ಅನುಕೂಲ 13. ಒಟ್ಟು 78. ಚೆನ್ನೈಗೆ ರೈಡ್ 28, ದಾರಿ 8, ಹವೆ 6, ಅನುಕೂಲ 8. ಒಟ್ಟು 50. ಕೊಚ್ಚಿ 60ರ ಹತ್ತಿರ ನಿಲ್ಲುತ್ತದೆ.

ಇನ್ನೊಂದು ಗುಂಪು: ಶಿವಮೊಗ್ಗದ ನಾಲ್ಕು ಕಾಲೇಜು ಗೆಳತಿಯರು, ಬಿಡದಿ ನೋಡಿದವರು, ಫೆಬ್ರವರಿಯಲ್ಲಿ ಹೊರಟವರು. ಅವರ ಪಟ್ಟಿಯಲ್ಲಿ ಬಿಡದಿಗೆ ರೈಡ್ ಅಂಕ 10ಕ್ಕೆ ಇಳಿಯುತ್ತದೆ, ಒಟ್ಟು 60. ಚೆನ್ನೈಗೆ ರೈಡ್ 36, ದಾರಿ 10, ಹವೆ 17, ಅನುಕೂಲ 10. ಒಟ್ಟು 73. ಪಾರ್ಕ್‌ಗಳು ಅವೇ, ಕ್ರಮ ತಿರುಗುಮುರುಗು.

ಅಂಕವನ್ನು ಒಬ್ಬರೇ ಕೊಡಬೇಡಿ. ಮನೆಯಲ್ಲಿ ಪ್ರತಿಯೊಬ್ಬರೂ ಬೇರೆ ಹಾಳೆಯಲ್ಲಿ ಬರೆದು ಕೊನೆಗೆ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಜೋರಾಗಿ ಮಾತಾಡುವವರ ಪಾರ್ಕ್ ಗೆಲ್ಲುತ್ತದೆ. ಐದಕ್ಕಿಂತ ಕಡಿಮೆ ಅಂಕದ ವ್ಯತ್ಯಾಸ ಬಂದರೆ ಎರಡೂ ಸಮ ಅಂತ ಹಿಡಿದು ಹತ್ತಿರದ್ದಕ್ಕೆ ಹೋಗಿ.

ನನ್ನ ಪಟ್ಟಿ ಕೇಳುವವರಿಗೆ

ಸಣ್ಣ ಮಕ್ಕಳ ಮನೆ, ಮೊದಲ ಸಲ: ಬಿಡದಿ, ಕೊಚ್ಚಿ, ಹೈದರಾಬಾದ್, ಚೆನ್ನೈ, ಭುವನೇಶ್ವರ. 140 ದಾಟಿದ ಕೋಸ್ಟರ್ ಹುಚ್ಚಿನವರಿಗೆ, ಬಿಡದಿ ನೋಡಿದ್ದರೆ: ಚೆನ್ನೈ, ಆಮೇಲೆ ಮತ್ತೊಮ್ಮೆ ಬಿಡದಿ, ಹೈದರಾಬಾದ್, ಕೊಚ್ಚಿ, ಭುವನೇಶ್ವರ. ಶಾಲಾ ಪ್ರವಾಸಕ್ಕೆ ಬಿಡದಿ ಬಿಟ್ಟು ಬೇರೆ ಯಾವುದನ್ನೂ ಹೇಳುವುದಿಲ್ಲ. ಅರವತ್ತು ಮಕ್ಕಳನ್ನು ಕರೆದುಕೊಂಡು ಎರಡು ರಾತ್ರಿ ಪ್ರಯಾಣ ಮಾಡಿಸುವುದು ಮೇಷ್ಟ್ರುಗಳಿಗೂ ಮಕ್ಕಳಿಗೂ ಒಳ್ಳೆಯದಲ್ಲ. ಶಾಲಾ ಗುಂಪುಗಳಿಗೆ ಬೇರೆ ದರ ಇರುತ್ತದೆ, ಮೊದಲೇ ಫೋನ್ ಮಾಡಿ ಕೇಳಿ.

ಹೊಳೆಯಲ್ಲಿ ಈಜಿ ಬೆಳೆದ ಮಕ್ಕಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ತುಂಗೆಯಲ್ಲೋ ಶರಾವತಿಯಲ್ಲೋ ಈಜು ಕಲಿತ ಹುಡುಗರು ಅಲೆ ಕೊಳದಲ್ಲಿ ಜೀವರಕ್ಷಕರ ಮಾತು ಕೇಳುವುದಿಲ್ಲ. ಕೊಳದಲ್ಲಿ ಅಪಾಯ ತರುವುದು ಆಳವಲ್ಲ, ಅಲೆ ಎದ್ದಾಗ ಒಬ್ಬರ ಮೇಲೊಬ್ಬರು ಬೀಳುವ ಜನ. ಈಜು ಬಂದರೂ ದೊಡ್ಡವರೊಬ್ಬರು ಕೈಯಳತೆಯಲ್ಲಿ ಇರಲೇಬೇಕು.

ಹಂತ 8: ಹೊರಡುವ ಮುಂಚೆ ಮತ್ತೆ ನೋಡಿ

ರೈಡ್‌ಗಳನ್ನು ಸರದಿ ಮೇಲೆ ರಿಪೇರಿಗೆ ನಿಲ್ಲಿಸುತ್ತಾರೆ. ನಿಮ್ಮ ಪಟ್ಟಿ ಒಂದೇ ರೈಡ್ ಮೇಲೆ ನಿಂತಿದ್ದರೆ, ರೈಲು ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಪಾರ್ಕ್‌ಗೆ ಫೋನ್ ಮಾಡಿ "ಈ ರೈಡ್ ನಾಳೆ ಓಡುತ್ತಾ?" ಅಂತ ಹೆಸರು ಹಿಡಿದೇ ಕೇಳಿ. ಸುಮ್ನೆ "ಎಲ್ಲಾ ಓಡ್ತಾ ಇದೆಯಾ" ಅಂದರೆ "ಹೌದು" ಅನ್ನೋ ಉತ್ತರ ಬರುತ್ತದೆ. ನಿಂತಿದೆ ಅಂತ ಗೊತ್ತಾದರೆ ಆ ರೈಡ್‌ನ ಅಂಕ ಕಳೆದು ಮತ್ತೆ ಕೂಡಿಸಿ ನೋಡಿ. ಎರಡನೇ ಸ್ಥಾನದಲ್ಲಿದ್ದ ಪಾರ್ಕ್ ಮೇಲೆ ಬಂದರೆ ಟಿಕೆಟ್ ಬದಲಿಸುವುದೇ ಸರಿ.